ಊರ ಮುಖಂಡರು ಕೊಟ್ಟ ಚೀಟಿ, ಬಿಎಲ್‌ಒ ಕೈಯ ಪೆನ್ನು

ಪ್ರಶ್ನೆ: ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮೂರು ವರ್ಷದಿಂದ ನಮ್ಮೂರಿನ ಮತಗಟ್ಟೆಗೆ ಬಿಎಲ್‌ಒ (ಮತದಾರರ ಪಟ್ಟಿಯ ಕೆಲಸ ನೋಡುವ ಮತಗಟ್ಟೆ ಮಟ್ಟದ ಅಧಿಕಾರಿ) ಆಗಿದ್ದೇನೆ. ಮೊನ್ನೆ ಊರಿನ ಮುಖಂಡರೊಬ್ಬರು 40 ಹೆಸರು ಬರೆದ ಚೀಟಿ ಕೊಟ್ಟು, 'ಇವರೆಲ್ಲ ಊರು ಬಿಟ್ಟು ಹೋಗಿದ್ದಾರೆ, ಪಟ್ಟಿಯಿಂದ ತೆಗೆದುಹಾಕಿ' ಎಂದರು. ಆಗಲ್ಲ ಎಂದಿದ್ದಕ್ಕೆ ವರ್ಗ ಮಾಡಿಸ್ತೀನಿ ಎಂದು ಹೆದರಿಸಿದರು. ಮೇಲಿನವರನ್ನು ಕೇಳಿದರೆ, ಹೆಚ್ಚುಕಮ್ಮಿ ಆದರೆ ನಿಮ್ಮ ಮೇಲೇ ಎಫ್‌ಐಆರ್ ಅಂತಾರೆ. ಈ ಕೆಲಸ ಒಲ್ಲೆ ಅನ್ನಬಹುದಾ? ನಮ್ಮನ್ನು ಕಾಯುವ ಕಾನೂನು ಯಾವುದಾದರೂ ಇದೆಯಾ? ಅಂದಹಾಗೆ, ನನ್ನ ಹತ್ತಿರ ನೇಮಕದ ಆದೇಶವೂ ಇಲ್ಲ. ವಾಟ್ಸಾಪ್‌ನಲ್ಲಿ ಬಂದ ಪಟ್ಟಿಯಲ್ಲಿ ಹೆಸರಿದೆ, ಅಷ್ಟೆ.

ಉತ್ತರ: ನಿಮ್ಮ ಪತ್ರ ಓದಿದಾಗ ನನ್ನ ಕಣ್ಣು ನಿಂತಿದ್ದು ಕೊನೆಯ ಸಾಲಿನ ಮೇಲೆ. ನೀವೇನೋ 'ಅಂದಹಾಗೆ' ಎಂದು ಬರೆದಿದ್ದೀರಿ. ನನಗೆ ಅದೇ ಮೊದಲ ವಿಷಯ. ತಹಶೀಲ್ದಾರನಾಗಿ, ಆ ಮೂಲಕ ಸಹಾಯಕ ಮತದಾರರ ನೋಂದಣಾಧಿಕಾರಿಯಾಗಿ ಕೆಲವು ವರ್ಷ ಕೆಲಸ ಮಾಡಿದವನು ನಾನು. ಸಿಕ್ಕಿಬಿದ್ದ ಬಿಎಲ್‌ಒಗಳನ್ನು ನೋಡಿದ್ದೇನೆ, ಪಾರಾದವರನ್ನೂ ನೋಡಿದ್ದೇನೆ. ಇಬ್ಬರ ನಡುವೆ ಇದ್ದ ವ್ಯತ್ಯಾಸ ಬಹಳ ಸಲ ಒಂದು ಹಾಳೆಯಷ್ಟೇ.

ಮೊದಲು ನಿಮ್ಮನ್ನು ನೇಮಿಸುವವರು ಯಾರು ಅಂತ ನೋಡೋಣ. ಮತದಾರರ ಪಟ್ಟಿಯ ಕೆಲಸಕ್ಕೆ ಆಧಾರ 1950ರ ಜನತಾ ಪ್ರಾತಿನಿಧ್ಯ ಕಾಯ್ದೆ. ಇದೇ ಹೆಸರಿನ 1951ರ ಕಾಯ್ದೆಯೂ ಇದೆ. ಅದು ಚುನಾವಣೆ ನಡೆಸುವುದಕ್ಕೆ, ಇದು ಪಟ್ಟಿ ಮಾಡುವುದಕ್ಕೆ. ಕಚೇರಿಗಳಲ್ಲೂ ಇವೆರಡನ್ನು ಕಲಸಿಬಿಡುತ್ತಾರೆ. 1950ರ ಕಾಯ್ದೆಯ ಪ್ರಕಾರ ರಾಜ್ಯಕ್ಕೊಬ್ಬ ಮುಖ್ಯ ಚುನಾವಣಾಧಿಕಾರಿ, ಜಿಲ್ಲೆಗೊಬ್ಬ ಜಿಲ್ಲಾ ಚುನಾವಣಾಧಿಕಾರಿ, ಪ್ರತಿ ಕ್ಷೇತ್ರಕ್ಕೆ ಒಬ್ಬ ಮತದಾರರ ನೋಂದಣಾಧಿಕಾರಿ ಇರಬೇಕು. ಚುನಾವಣಾ ಆಯೋಗವು ರಾಜ್ಯ ಸರ್ಕಾರದ ಜೊತೆ ಸಮಾಲೋಚಿಸಿ ಇವರನ್ನು ಗೊತ್ತುಮಾಡುತ್ತದೆ. ಆಯೋಗಕ್ಕೆ ಸ್ವಂತ ಸಿಬ್ಬಂದಿ ಅಷ್ಟಿಲ್ಲ, ಹಾಗಾಗಿ ಆರಿಸುವುದು ಸರ್ಕಾರದ ಅಧಿಕಾರಿಗಳಿಂದಲೇ. ನಮ್ಮಲ್ಲಿ ಹಳ್ಳಿಗಾಡಿನ ಕ್ಷೇತ್ರಗಳಿಗೆ ಸಾಮಾನ್ಯವಾಗಿ ಎಸಿ ಸಾಹೇಬರು (ಉಪವಿಭಾಗಾಧಿಕಾರಿ) ನೋಂದಣಾಧಿಕಾರಿ, ತಹಶೀಲ್ದಾರರು ಸಹಾಯಕರು.

ಇನ್ನು ನೀವು. ಕಾಯ್ದೆಯಲ್ಲಿ 'ಬಿಎಲ್‌ಒ' ಎಂಬ ಪದ ಹುಡುಕಿದರೆ ಸಿಗುವುದಿಲ್ಲ. ಕಲಂ 13ಬಿ ಉಪಕಲಂ 2ರಲ್ಲಿ, ಪಟ್ಟಿ ತಯಾರಿಸಲು ನೋಂದಣಾಧಿಕಾರಿ ತನಗೆ ಸರಿಕಂಡವರನ್ನು ಕೆಲಸಕ್ಕೆ ತೆಗೆದುಕೊಳ್ಳಬಹುದು ಎಂದಿದೆ. ನಿಮ್ಮ ಇಡೀ ಹುದ್ದೆ ನಿಂತಿರುವುದು ಆ ಒಂದು ವಾಕ್ಯದ ಮೇಲೆ. 2006ರಿಂದ ಆಯೋಗ ಮತಗಟ್ಟೆಗೊಬ್ಬರಂತೆ ಬಿಎಲ್‌ಒ ಇಡುವ ಪದ್ಧತಿ ತಂದಿತು. ಕರ್ನಾಟಕದಲ್ಲಿ 2023ರ ವಿಧಾನಸಭೆ ಚುನಾವಣೆಗೆ 58 ಸಾವಿರಕ್ಕೂ ಹೆಚ್ಚು ಮತಗಟ್ಟೆಗಳಿದ್ದವು. ಅಂದರೆ ನಿಮ್ಮಂಥವರು ಎಷ್ಟು ಮಂದಿ ಇದ್ದಾರೆ ಲೆಕ್ಕ ಹಾಕಿ. ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಗ್ರಾಮ ಆಡಳಿತಾಧಿಕಾರಿಗಳು, ಬಿಲ್ ಕಲೆಕ್ಟರ್‌ಗಳು. ಎಲ್ಲರಿಗೂ ಬೇರೆ ನೌಕರಿ ಇದೆ, ಇದು ಅದರ ಮೇಲಿನ ಹೊರೆ.

ನೇಮಿಸುವ ಅಧಿಕಾರ ನೋಂದಣಾಧಿಕಾರಿಯದ್ದು. ಹಾಗಾದರೆ ಅವರ ಸಹಿ ಇರುವ ಆದೇಶ ಬೇಕೇ ಬೇಕು. ಮುಖ್ಯ ಶಿಕ್ಷಕರು ಬಾಯಲ್ಲಿ ಹೇಳಿದ್ದು, ಗ್ರೂಪಿಗೆ ಬಂದ ಪಿಡಿಎಫ್, ಇವು ಮಾಹಿತಿ ಅಷ್ಟೆ. ನಾಳೆಯೇ ತಾಲೂಕು ಕಚೇರಿಯ ಚುನಾವಣಾ ಶಾಖೆಗೆ ಒಂದು ಅರ್ಜಿ ಕೊಡಿ. ಮತಗಟ್ಟೆ ಸಂಖ್ಯೆ ಬರೆದು, ನೇಮಕದ ಆದೇಶದ ದೃಢೀಕೃತ ಪ್ರತಿ ಮತ್ತು ಗುರುತಿನ ಚೀಟಿ ಕೇಳಿ. ಎರಡನೇ ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಬಿಎಲ್‌ಒಗಳಿಗೆ ಫೋಟೊ ಇರುವ ಗುರುತಿನ ಚೀಟಿ ಕೊಡುವುದಾಗಿ ಆಯೋಗವೇ 2025ರಲ್ಲಿ ಹೇಳಿದೆ. ನೀವು ಕೇಳಿದರೆ ಯಾರಿಗೂ ಉಪಕಾರ ಬೇಡಿದಂತಲ್ಲ.

ಈ ಗುರುತಿನ ಚೀಟಿಯ ಬೆಲೆ ಏನು ಅನ್ನೋದು ಬೆಂಗಳೂರಿನವರಿಗೆ 2022ರ ನವೆಂಬರ್‌ನಲ್ಲಿ ಗೊತ್ತಾಯಿತು. ಚಿಲುಮೆ ಪ್ರಕರಣ ನೆನಪಿರಬೇಕು ನಿಮಗೆ. ಮತದಾರರ ಜಾಗೃತಿಗೆ ಅನುಮತಿ ಪಡೆದ ಖಾಸಗಿ ಸಂಸ್ಥೆಯ ಜನ ಬಿಎಲ್‌ಒ ಎಂದು ಹೇಳಿಕೊಂಡು ಮನೆಮನೆಗೆ ಹೋಗಿ ಮಾಹಿತಿ ತೆಗೆದುಕೊಂಡರು ಎಂಬ ಆರೋಪ ಅದು. ಆಯೋಗ ಇಬ್ಬರು ಐಎಎಸ್ ಅಧಿಕಾರಿಗಳನ್ನು ಅಮಾನತು ಮಾಡಲು ಹೇಳಿತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳಲ್ಲಿ ಆ ವರ್ಷ ಸೇರಿಸಿದ, ತೆಗೆದ ಹೆಸರುಗಳನ್ನೆಲ್ಲ ಮತ್ತೆ ಪರಿಶೀಲಿಸುವಂತಾಯಿತು. ಅಸಲಿ ಬಿಎಲ್‌ಒ ಯಾರು ಅಂತ ತೋರಿಸುವ ಕಾಗದ ಜನರಿಗೂ ಬೇಕು, ನಿಮಗೂ ಬೇಕು.

ಆಯೋಗ ರಾಜ್ಯ ಸರ್ಕಾರದ ಅಧಿಕಾರಿಯನ್ನು ಅಮಾನತು ಮಾಡಿಸಿದ್ದು ಹೇಗೆ ಅಂತ ಕೇಳಬಹುದು. ಅದಕ್ಕೆ 1950ರ ಕಾಯ್ದೆಯಲ್ಲೇ ಕಲಂ 13ಸಿಸಿ ಇದೆ. 1989ರಲ್ಲಿ ಸೇರಿಸಿದ್ದು. ಪಟ್ಟಿಯ ಕೆಲಸದಲ್ಲಿರುವ ಅಧಿಕಾರಿಗಳು ಮತ್ತು ಸಿಬ್ಬಂದಿ ಎಲ್ಲರೂ ಆ ಅವಧಿಗೆ ಆಯೋಗಕ್ಕೆ ಎರವಲು ಸೇವೆಯ ಮೇಲೆ ಹೋದಂತೆ. ಹತೋಟಿ, ಮೇಲ್ವಿಚಾರಣೆ, ಶಿಸ್ತು ಮೂರೂ ಆಯೋಗದ್ದು. ಇದು ಜಿಲ್ಲಾಧಿಕಾರಿಗೂ ಅನ್ವಯ, ನಿಮಗೂ ಅನ್ವಯ. ಸಂಬಳ ಶಿಕ್ಷಣ ಇಲಾಖೆಯಿಂದ, ಶಿಸ್ತು ಆಯೋಗದಿಂದ. ಎರಡು ಮನೆಯ ನೆಂಟರ ಹಾಗೆ.

ಈ ಎರಡು ಮನೆಗಳ ಜಗಳ ಹಳೆಯದು. 1993ರಲ್ಲಿ ಸುಪ್ರೀಂ ಕೋರ್ಟಿಗೇ ಹೋಗಿತ್ತು. 2000ದ ಸೆಪ್ಟೆಂಬರ್‌ನಲ್ಲಿ ಆಯೋಗಕ್ಕೂ ಕೇಂದ್ರಕ್ಕೂ ರಾಜಿಯಾಯಿತು. ಕರ್ತವ್ಯಲೋಪ ಮಾಡಿದವರನ್ನು ಆಯೋಗ ಅಮಾನತು ಮಾಡಬಹುದು, ಬದಲಿಸಬಹುದು, ಶಿಸ್ತುಕ್ರಮಕ್ಕೆ ಶಿಫಾರಸು ಮಾಡಬಹುದು ಎಂದು ಒಪ್ಪಿದರು. ಆದರೂ ಹಗ್ಗಜಗ್ಗಾಟ ನಿಂತಿಲ್ಲ. 2025ರ ಆಗಸ್ಟ್‌ನಲ್ಲಿ ಪಶ್ಚಿಮ ಬಂಗಾಳದ ಎರಡು ಕ್ಷೇತ್ರಗಳ ನಾಲ್ವರು ನೋಂದಣಿ ಅಧಿಕಾರಿಗಳನ್ನು ಅಮಾನತು ಮಾಡಿ ಎಂದು ಆಯೋಗ ಹೇಳಿದಾಗ ರಾಜ್ಯ ಸರ್ಕಾರ ಮೊದಲು ಒಪ್ಪಲಿಲ್ಲ. ಮುಖ್ಯ ಕಾರ್ಯದರ್ಶಿಯನ್ನು ದೆಹಲಿಗೆ ಕರೆಸಿದರು. ಆಮೇಲೆ ಅಮಾನತಾಯಿತು. ಇಬ್ಬರು ದೊಡ್ಡವರು ಹಗ್ಗ ಎಳೆದಾಗ ಕೈ ಕೆಂಪಾಗುವುದು ನಡುವೆ ನಿಂತವರದ್ದು ಅನ್ನೋದು ನನ್ನ ಅನುಭವ.

ಒಲ್ಲೆ ಅನ್ನಬಹುದಾ ಎಂಬ ನಿಮ್ಮ ಪ್ರಶ್ನೆಗೆ ಈಗ ಬರುತ್ತೇನೆ. ಸುಮ್ನೆ ಒಲ್ಲೆ ಅನ್ನಲು ಬರುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಕಲಂ 27 ತೋರಿಸಿ, ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಾಕುವಂತಿಲ್ಲ ಎನ್ನುವವರಿದ್ದಾರೆ. ಅದೇ ಕಲಂ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಗೆ ಸಂಬಂಧಿಸಿದ ಕೆಲಸಕ್ಕೆ ವಿನಾಯಿತಿ ಕೊಟ್ಟಿದೆ. ಅರ್ಧ ಓದಿದರೆ ಹೀಗೇ. ಆದರೆ 2007ರ ಡಿಸೆಂಬರ್‌ನಲ್ಲಿ ಸೇಂಟ್ ಮೇರೀಸ್ ಶಾಲೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿದೆ. ಶಿಕ್ಷಕರಿಗೆ ಪಟ್ಟಿ ಪರಿಷ್ಕರಣೆಯ ಕೆಲಸವನ್ನು ರಜಾದಿನ ಮತ್ತು ಪಾಠ ಇಲ್ಲದ ದಿನಗಳಲ್ಲಿ ಕೊಡಬೇಕು, ಸಾಮಾನ್ಯವಾಗಿ ಪಾಠದ ವೇಳೆಯಲ್ಲಿ ಕೊಡಬಾರದು. ಮಂಗಳವಾರ ಬೆಳಗ್ಗೆ 11ಕ್ಕೆ ಮೀಟಿಂಗ್ ಇಟ್ಟು ಬಾ ಎಂದರೆ, ಓಒಡಿ (ಅನ್ಯ ಕರ್ತವ್ಯದ ಮೇಲಿದ್ದಾರೆ ಎಂಬ) ಆದೇಶ ಕೊಡಿ ಎಂದು ಮರ್ಯಾದೆಯಿಂದಲೇ ಕೇಳಿ.

ಕಾಯಿಲೆ, ಹೆರಿಗೆ, ಮನೆಯಲ್ಲಿ ನೋಡಿಕೊಳ್ಳಬೇಕಾದ ರೋಗಿ, ಇಂಥ ಕಾರಣವಿದ್ದರೆ ಬಿಡುಗಡೆ ಕೇಳಬಹುದು. 2025ರಲ್ಲಿ ಬೇರೆ ರಾಜ್ಯಗಳಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ (ಎಸ್‌ಐಆರ್) ನಡೆದಾಗ ಕೆಲಸದ ಒತ್ತಡದಲ್ಲಿ ಬಿಎಲ್‌ಒಗಳು ಜೀವ ಕಳೆದುಕೊಂಡ ಸುದ್ದಿಗಳು ಬಂದವು. ಆ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಹೆಚ್ಚುವರಿ ಸಿಬ್ಬಂದಿ ಕೊಟ್ಟು ಹೊರೆ ಇಳಿಸಿ, ನಿರ್ದಿಷ್ಟ ಕಾರಣ ಕೊಟ್ಟು ವಿನಾಯಿತಿ ಕೇಳಿದವರ ಅರ್ಜಿಯನ್ನು ಒಂದೊಂದಾಗಿ ಪರಿಗಣಿಸಿ ಎಂದು ಆ ಡಿಸೆಂಬರ್‌ನಲ್ಲಿ ಕೋರ್ಟ್ ರಾಜ್ಯಗಳಿಗೆ ಹೇಳಿತು. ಆ ಆದೇಶ ಬಂದದ್ದು ಆ ಪರಿಷ್ಕರಣೆಯ ಸಂದರ್ಭದಲ್ಲಿ, ನಿಜ. ಆದರೂ ನಿಮ್ಮ ಅರ್ಜಿಯಲ್ಲಿ ಅದನ್ನು ಉಲ್ಲೇಖಿಸಲು ಅಡ್ಡಿಯಿಲ್ಲ. ಅರ್ಜಿ ತಿರಸ್ಕರಿಸಿದರೆ ಹಿಂಬರಹ, ಅಂದರೆ ಲಿಖಿತ ಉತ್ತರ, ಕೇಳಿ ಪಡೆಯಿರಿ. ಗೌರವಧನವನ್ನು ವರ್ಷಕ್ಕೆ 6,000ದಿಂದ 12,000 ರೂಪಾಯಿಗೆ ಏರಿಸಿದ್ದಾರೆ ಎಂಬುದೂ ಅದೇ ವರ್ಷದ ಸುದ್ದಿ. ತಿಂಗಳಿಗೆ ಸಾವಿರ. ಪೆಟ್ರೋಲು, ಫೋನ್ ರೀಚಾರ್ಜ್‌ಗೆ ಸರಿಹೋಗುತ್ತದೆ.

ಈಗ ಆ 40 ಹೆಸರಿನ ಚೀಟಿ. ಇಲ್ಲಿ ನೀವು ತಿಳಿಯಬೇಕಾದ ದೊಡ್ಡ ಸಂಗತಿ ಒಂದಿದೆ: ಪಟ್ಟಿಯಿಂದ ಹೆಸರು ತೆಗೆಯುವ ಅಧಿಕಾರ ನಿಮಗೆ ಇಲ್ಲವೇ ಇಲ್ಲ. ನೀವು ಮನೆಗೆ ಹೋಗಿ ನೋಡಿ ವರದಿ ಕೊಡುತ್ತೀರಿ. ತೀರ್ಮಾನ ನೋಂದಣಾಧಿಕಾರಿಯದ್ದು. ಊರಲ್ಲಿ ಮಾತ್ರ 'ಟೀಚರಮ್ಮ ಹೆಸರು ತೆಗೆದುಬಿಟ್ರು' ಅಂತಲೇ ಮಾತು.

ನೋಂದಣಾಧಿಕಾರಿಯೂ ಮನಸ್ಸಿಗೆ ಬಂದಂತೆ ತೆಗೆಯುವ ಹಾಗಿಲ್ಲ. 'ಇಲ್ಲಿ ವಾಸವಿಲ್ಲ' ಎಂಬ ಕಾರಣಕ್ಕೆ ಹೆಸರು ಕೈಬಿಡುವ ಮೊದಲು ಆ ವ್ಯಕ್ತಿಗೆ ಹೇಳಿಕೊಳ್ಳಲು ಅವಕಾಶ ಕೊಡಬೇಕು ಎಂದು 1950ರ ಕಾಯ್ದೆಯ ಕಲಂ 22 ಹೇಳುತ್ತದೆ. ಸತ್ತವರ ವಿಷಯದಲ್ಲಿ ಮಾತ್ರ ಆ ಪ್ರಶ್ನೆ ಇಲ್ಲ. ಇನ್ನು 'ವಾಸ' ಎಂದರೇನು? ಕಲಂ 20 ಓದಿದರೆ ಆ ಮುಖಂಡರ ಚೀಟಿಯ ಅರ್ಧ ಹೆಸರು ಅಲ್ಲೇ ಬಿದ್ದುಹೋಗಬಹುದು. ಊರಲ್ಲಿ ಮನೆ ಇದ್ದ ಮಾತ್ರಕ್ಕೆ ವಾಸಿ ಆಗುವುದಿಲ್ಲ. ಹಾಗೆಯೇ, ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ವಾಸಿ ಅಲ್ಲ ಎಂದೂ ಆಗುವುದಿಲ್ಲ. ಕಬ್ಬು ಕಡಿಯಲು ಮೂರು ತಿಂಗಳು ಹೋದವರು, ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೋಗಿ ಹಬ್ಬಕ್ಕೆ ಬರುವವರು, ಬಾಣಂತನಕ್ಕೆ ತವರಿಗೆ ಹೋದ ಸೊಸೆ, ಇವರೆಲ್ಲ ಇನ್ನೂ ಊರಿನವರೇ. ಸಂಸಾರ ಸಮೇತ ಹೋಗಿ, ಅಲ್ಲಿ ನೆಲೆ ನಿಂತು, ಮಕ್ಕಳನ್ನು ಅಲ್ಲಿನ ಶಾಲೆಗೆ ಸೇರಿಸಿದವರ ವಿಷಯ ಬೇರೆ. ಪ್ರತಿ ಮನೆಯನ್ನೂ ಪ್ರತ್ಯೇಕವಾಗಿ ನೋಡಬೇಕು.

ಹಾಗಾದರೆ ಮುಖಂಡರಿಗೆ ಏನು ಹೇಳುವುದು? ಜಗಳ ಬೇಡ. ಚೀಲದಲ್ಲಿ ಫಾರಂ 7 ಇಟ್ಟುಕೊಂಡಿರಿ. 'ಆಯ್ತು ಸಾರ್, ಒಂದೊಂದು ಹೆಸರಿಗೆ ಒಂದೊಂದು ಫಾರಂ ತುಂಬಿ ಸಹಿ ಮಾಡಿ ಕೊಡಿ' ಎನ್ನಿ. ಫಾರಂ 7 ಎಂದರೆ ಪಟ್ಟಿಯಲ್ಲಿರುವ ಹೆಸರಿನ ಬಗ್ಗೆ ಆಕ್ಷೇಪಣೆ. ಕೊಡುವವರು ತಮ್ಮ ಹೆಸರು, ಮತದಾರರ ಗುರುತಿನ ಚೀಟಿಯ ಸಂಖ್ಯೆ, ಕಾರಣ ಬರೆದು, ಇದು ನಿಜ ಎಂದು ಘೋಷಿಸಿ ಸಹಿ ಹಾಕಬೇಕು. ಆ ಘೋಷಣೆ ಸುಳ್ಳಾದರೆ ಕಲಂ 31ರ ಪ್ರಕಾರ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ಎಚ್ಚರಿಕೆ ಫಾರಂನಲ್ಲೇ ಅಚ್ಚಾಗಿರುತ್ತದೆ. ನನ್ನ ಕಾಲದಲ್ಲಿ ಹೀಗೆ ಫಾರಂ ಮುಂದಿಟ್ಟಾಗ ಬಹಳ ಜನಕ್ಕೆ ಕನ್ನಡಕ ಮನೆಯಲ್ಲಿ ಮರೆತುಬಂದದ್ದು ನೆನಪಾಗುತ್ತಿತ್ತು.

ಹಾಗಂತ ಫಾರಂ ಬಂತು ಅಂದರೆ ಮುಗಿಯಿತು ಎಂದಲ್ಲ. ಆಳಂದದ ಕಥೆ ನೋಡಿ. ಕಲಬುರಗಿ ಜಿಲ್ಲೆಯ ಆ ಕ್ಷೇತ್ರದಲ್ಲಿ 2023ರ ಚುನಾವಣೆಗೆ ಮುಂಚೆ 6,018 ಹೆಸರು ತೆಗೆಯಲು ಆನ್‌ಲೈನ್‌ನಲ್ಲಿ ಫಾರಂ 7 ಬಂದವು. ಬಿಎಲ್‌ಒ ಒಬ್ಬರಿಗೆ ತಮ್ಮ ಸಂಬಂಧಿಕರ ಹೆಸರೇ ಅದರಲ್ಲಿ ಕಂಡಿತು. ಅರ್ಜಿ ಹಾಕಿದವರು ಎಂದು ತೋರಿಸುತ್ತಿದ್ದವರನ್ನು ಕೇಳಿದರೆ ನಾವು ಹಾಕೇ ಇಲ್ಲ ಎಂದರು. ಪರಿಶೀಲನೆ ಮಾಡಿದಾಗ ಸರಿಯಾಗಿದ್ದದ್ದು 24 ಅರ್ಜಿ. ಉಳಿದ 5,994 ತಿರಸ್ಕೃತವಾದವು. 2023ರ ಫೆಬ್ರುವರಿಯಲ್ಲಿ ನೋಂದಣಾಧಿಕಾರಿಯೇ ಪೊಲೀಸರಿಗೆ ದೂರು ಕೊಟ್ಟರು. ಅಲ್ಲಿ ಅಷ್ಟು ಜನರ ಮತ ಉಳಿದದ್ದು ಬಿಎಲ್‌ಒಗಳು ಮನೆಬಾಗಿಲಿಗೆ ಹೋಗಿ ನೋಡಿದ್ದರಿಂದ. ಯಾವ ಸಾಫ್ಟ್‌ವೇರೂ ಅದನ್ನು ಹಿಡಿಯಲಿಲ್ಲ.

ಇನ್ನು ಎಫ್‌ಐಆರ್ ಭಯ. ಮೇಲಿನವರು ನಿಮಗೆ ಹೇಳಿದ್ದು ಕಲಂ 32ರ ಮೊದಲ ಭಾಗ. ಪಟ್ಟಿಯ ಕೆಲಸದಲ್ಲಿರುವವರು ಸಕಾರಣವಿಲ್ಲದೆ ಕರ್ತವ್ಯಲೋಪ ಮಾಡಿದರೆ ಕನಿಷ್ಠ ಮೂರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಕಠಿಣ ಶಿಕ್ಷೆ, ಅನುಮಾನವಿಲ್ಲ. ಸಭೆಗಳಲ್ಲಿ ಇದನ್ನು ಗಟ್ಟಿಯಾಗಿ ಓದುತ್ತಾರೆ. ಆದರೆ ಅದೇ ಕಲಂನಲ್ಲಿ ಇನ್ನೂ ಎರಡು ಭಾಗ ಇವೆ. ಅದನ್ನು ಓದಿ ಹೇಳಿದವರನ್ನು ನಾನು ಕಾಣೆ. ನಾನೂ ಸಭೆಗಳಲ್ಲಿ ಓದಲಿಲ್ಲ, ಈಗ ಬೇಸರವಾಗುತ್ತದೆ.

ಎರಡನೇ ಭಾಗದ ಪ್ರಕಾರ, ಇಂಥ ಕೆಲಸ ಅಥವಾ ಲೋಪದ ಬಗ್ಗೆ ನಿಮ್ಮ ಮೇಲೆ ನಷ್ಟಪರಿಹಾರದ ದಾವೆ ಹಾಕಲು ಬರುವುದಿಲ್ಲ. 'ನನ್ನ ಹೆಸರು ಬಿಟ್ಟುಹೋಯ್ತು, 5 ಲಕ್ಷ ಕೊಡು' ಎಂದು ಯಾರೂ ನಿಮ್ಮನ್ನು ಸಿವಿಲ್ ಕೋರ್ಟಿಗೆ ಎಳೆಯಲಾಗದು. ಮೂರನೇ ಭಾಗ ಇನ್ನೂ ಮುಖ್ಯ. ಚುನಾವಣಾ ಆಯೋಗ ಅಥವಾ ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಆದೇಶದಿಂದ, ಇಲ್ಲವೇ ಅವರು ಕೊಟ್ಟ ಅಧಿಕಾರದಿಂದ ದೂರು ಬರದೆ ಯಾವ ಕೋರ್ಟೂ ಈ ಅಪರಾಧವನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಅಂದರೆ ಆ ಮುಖಂಡರು ನೇರ ಕೋರ್ಟಿಗೆ ಹೋಗಿ ಈ ಕಲಂ ಕೆಳಗೆ ನಿಮ್ಮನ್ನು ಕಟಕಟೆಗೆ ತರಲಾರರು. ಮೊದಲ ಭಾಗದಲ್ಲಿರುವ 'ಸಕಾರಣವಿಲ್ಲದೆ' ಎಂಬ ಪದವನ್ನೂ ಅಡಿಗೆರೆ ಎಳೆದು ಇಟ್ಟುಕೊಳ್ಳಿ.

ಈ ರಕ್ಷಣೆಗೆ ಮಿತಿ ಇದೆ, ಅದನ್ನೂ ಹೇಳಬೇಕು. ಇಲಾಖಾ ವಿಚಾರಣೆಯನ್ನು ಇದು ತಡೆಯುವುದಿಲ್ಲ. ಸುಳ್ಳು ಸಹಿ, ದಾಖಲೆ ತಿದ್ದುವುದು, ದುಡ್ಡು ಪಡೆಯುವುದು ಬೇರೆ ಅಪರಾಧಗಳು. ಅಲ್ಲಿ ಕಲಂ 32ರ ಕೊಡೆ ಹಿಡಿಯಲು ಬರುವುದಿಲ್ಲ. ಹೋಗದ ಮನೆಗೆ ಹೋದೆ ಎಂದು ಬರೆಯುವುದು ಸಣ್ಣ ಸುಳ್ಳು ಅನ್ನಿಸಬಹುದು, ಅಲ್ವಾ? ನಾನು ನೋಡಿದ ಕರ್ತವ್ಯಲೋಪದ ಕಡತಗಳು ಬಹುಪಾಲು ಶುರುವಾಗಿದ್ದೇ ಅಲ್ಲಿಂದ.

ಒಬ್ಬ ಅಂಗನವಾಡಿ ಕಾರ್ಯಕರ್ತೆಯ ವಿಷಯ ಹೇಳುತ್ತೇನೆ. ಬೇಕಂತಲೇ ಒಂದು ಕೇರಿಯ ಹೆಸರುಗಳನ್ನು ಬಿಟ್ಟಿದ್ದಾರೆ ಎಂದು ಆಕೆಯ ಮೇಲೆ ದೂರು ಬಂದಿತ್ತು. ವಿಚಾರಣೆಗೆ ಕರೆಸಿದೆ. ಆಕೆ ಚೀಲದಿಂದ ಅಂಗಡಿಯಲ್ಲಿ ಸಿಗುವ ಉದ್ದನೆಯ ಲೆಕ್ಕದ ಪುಸ್ತಕ ತೆಗೆದರು. ಮೂಲೆಗಳು ಮಡಿಸಿಹೋಗಿದ್ದವು, ರಟ್ಟಿಗೆ ಎಣ್ಣೆಯ ಕಲೆ. ಪ್ರತಿ ಮನೆಗೆ ಒಂದು ಸಾಲು: ಹೋದ ದಿನ, ಹೊತ್ತು, ಯಾರು ಸಿಕ್ಕರು. 'ಬಾಗಿಲು ಹಾಕಿತ್ತು. ಎದುರು ಮನೆ ಅಜ್ಜಿ ಹೇಳಿದ್ದು: ಮೆಣಸಿನಕಾಯಿ ಬಿಡಿಸೋಕೆ ಹೋಗವ್ರೆ, ಬರೋ ಅಮಾಸೆಗೆ ಬರ್ತಾರೆ.' ಕೆಳಗೆ ಮತ್ತೊಂದು ತಾರೀಖು: 'ಮತ್ತೆ ಹೋದೆ, ಸಿಕ್ಕರು.' ಬಿಟ್ಟುಹೋದ ಹೆಸರುಗಳ ವರದಿಯನ್ನು ಆಕೆ ಕೊಟ್ಟಿದ್ದರು. ಅದು ಕಂಪ್ಯೂಟರಿಗೆ ಏರಿರಲಿಲ್ಲ. ತಪ್ಪು ನಮ್ಮ ಕಚೇರಿಯದ್ದು. ಆ ಪುಸ್ತಕ ಇರದಿದ್ದರೆ ನಾನೇ ಆಕೆಗೆ ನೋಟಿಸ್ ಕೊಟ್ಟುಬಿಡುತ್ತಿದ್ದೆ.

ಆದ್ದರಿಂದ ನೀವೂ ಒಂದು ಪುಸ್ತಕ ಇಡಿ. ಮುಖಂಡರು ಚೀಟಿ ಕೊಟ್ಟ ದಿನ, ಆಡಿದ ಮಾತು, ಹತ್ತಿರ ಇದ್ದವರ ಹೆಸರು ಇವತ್ತೇ ಬರೆಯಿರಿ. ಚೀಟಿಯನ್ನು ಹರಿಯಬೇಡಿ. ಅದರ ಪ್ರತಿ ಲಗತ್ತಿಸಿ ನೋಂದಣಾಧಿಕಾರಿಗೆ ವರದಿ ಕೊಡಿ. ಅದರಲ್ಲಿ ಬೈಗುಳ ಬೇಡ, ಅಭಿಪ್ರಾಯ ಬೇಡ, ನಡೆದದ್ದಷ್ಟೇ ಇರಲಿ. ಆಮೇಲೆ ಇದು ಅವರ ತಲೆನೋವು.

ಬೆದರಿಕೆ ಜೋರಾದರೆ ಪೊಲೀಸರಿದ್ದಾರೆ. ಮತದಾರರ ಪಟ್ಟಿ ತಯಾರಿಸುವ, ಪರಿಷ್ಕರಿಸುವ ಅಧಿಕಾರ ಇರುವ ಹುದ್ದೆಯವರು 'ಲೋಕಸೇವಕರು' ಎಂದು ಹಳೆಯ ದಂಡಸಂಹಿತೆಯಲ್ಲೇ ಬರೆದಿತ್ತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಉಳಿದಿದೆ. ನೀವಂತೂ ಶಿಕ್ಷಕಿಯಾಗಿಯೇ ಸರ್ಕಾರಿ ನೌಕರರು. ಕೆಲಸಕ್ಕೆ ಅಡ್ಡಿ ಮಾಡಿದರೆ ಆ ಸಂಹಿತೆಯ ಕಲಂ 221. ಹಾನಿ ಮಾಡುತ್ತೇನೆಂದು ಹೆದರಿಸಿ ಕೆಲಸ ಮಾಡಿಸಲು ಅಥವಾ ನಿಲ್ಲಿಸಲು ಹೋದರೆ ಕಲಂ 224, ಎರಡು ವರ್ಷದವರೆಗೆ ಶಿಕ್ಷೆ. ಕರ್ತವ್ಯ ತಡೆಯಲು ಮೈಮೇಲೆ ಕೈ ಹಾಕಿದರೆ ಕಲಂ 132. ಗಾಯವಾದರೆ ಕಲಂ 121, ಶಿಕ್ಷೆ ಇನ್ನೂ ಜಾಸ್ತಿ. 'ಕೈಕಾಲು ಮುರೀತೀನಿ' ಎಂದರೆ ಪ್ರಕರಣ ಸ್ಪಷ್ಟ. 'ವರ್ಗ ಮಾಡಿಸ್ತೀನಿ' ಎಂಬುದು ಕಾನೂನು ಹೇಳುವ ಹಾನಿಯೊಳಗೆ ಬರುತ್ತದಾ ಅನ್ನೋದು ವಕೀಲರ ವಾದಕ್ಕೆ ಬಿಟ್ಟದ್ದು. ಠಾಣೆಗೆ ಒಬ್ಬರೇ ಹೋಗಬೇಡಿ. ನೋಂದಣಾಧಿಕಾರಿಯ ಕಚೇರಿಯಿಂದಲೇ ದೂರು ಹೋಗುವಂತೆ ಕೇಳಿ. ದೂರಿನ ತೂಕ ಬೇರೆಯಾಗುತ್ತದೆ, ಊರಲ್ಲಿ ನಿಮ್ಮ ಮೇಲಿನ ಸಿಟ್ಟೂ ಸ್ವಲ್ಪ ಕಡಿಮೆಯಾಗುತ್ತದೆ.

ವರ್ಗಾವಣೆ ಬಗ್ಗೆ ಅಷ್ಟೊಂದು ಹೆದರಬೇಡಿ. ಪಟ್ಟಿ ಪರಿಷ್ಕರಣೆ ನಡೆಯುವಾಗ ಆ ಕೆಲಸದಲ್ಲಿರುವವರನ್ನು ತನ್ನ ಒಪ್ಪಿಗೆ ಇಲ್ಲದೆ ವರ್ಗ ಮಾಡಬಾರದು ಎಂದು ಆಯೋಗ ಸೂಚನೆ ಕೊಡುತ್ತದೆ. ಅದು ಮುಗಿದ ಮೇಲೆ ಆ ಕಾವಲು ಇರುವುದಿಲ್ಲ. ಆದರೆ ಕರ್ನಾಟಕದಲ್ಲಿ ಶಿಕ್ಷಕರ ವರ್ಗಾವಣೆಗೆ 2020ರ ಪ್ರತ್ಯೇಕ ಕಾಯ್ದೆ ಇದೆ, ಕೌನ್ಸೆಲಿಂಗ್ ಇದೆ. ಒಬ್ಬರು ಫೋನ್ ಮಾಡಿದ ಮಾತ್ರಕ್ಕೆ ಆಗುವ ಕೆಲಸ ಅಲ್ಲ ಅದು.

ನನಗೆ ಈ ವ್ಯವಸ್ಥೆಯಲ್ಲಿ ಸರಿಕಾಣದ್ದು ಒಂದಿದೆ. ಮುಖ್ಯ ಚುನಾವಣಾ ಆಯುಕ್ತರನ್ನು ತೆಗೆಯಬೇಕಾದರೆ ಸುಪ್ರೀಂ ಕೋರ್ಟ್ ನ್ಯಾಯಾಧೀಶರನ್ನು ತೆಗೆಯುವಷ್ಟೇ ಕಷ್ಟ. ಸಂವಿಧಾನದ 324ನೇ ವಿಧಿಯೇ ಅವರ ಬೆನ್ನಿಗಿದೆ. 2023ರ ಕಾಯ್ದೆ ಬಂದ ಮೇಲೆ ಅವರ ಮೇಲೆ ಕರ್ತವ್ಯದ ವಿಷಯದಲ್ಲಿ ಸಿವಿಲ್, ಕ್ರಿಮಿನಲ್ ಎರಡೂ ಕೇಸು ಹಾಕಲು ಬರುವುದಿಲ್ಲ. ಅಲ್ಲಿಂದ ಕೆಳಗೆ ಇಳಿದಂತೆ ರಕ್ಷಣೆ ತೆಳುವಾಗುತ್ತದೆ. ಮುಖಂಡನ ಎದುರು ನಿಜವಾಗಿ ನಿಲ್ಲುವ ಹೆಂಗಸಿನ ಹತ್ತಿರ ಬರುವಷ್ಟರಲ್ಲಿ ವಾಟ್ಸಾಪ್ ಪಿಡಿಎಫ್ ಒಂದು ಉಳಿದಿರುತ್ತದೆ. ಬಿಎಲ್‌ಒ ಎಂಬ ಪದವನ್ನು ಕಾಯ್ದೆಯೊಳಗೆ ಬರೆದು, ನೇಮಕ, ಅವಧಿ, ಬಿಡುಗಡೆ ಮೂರನ್ನೂ ಅಲ್ಲೇ ಹೇಳಬೇಕಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಹೆಸರು ಬಿಟ್ಟುಹೋಯಿತು ಎಂದು ಯಾರಾದರೂ ನಿಮ್ಮ ಮೇಲೆ ಹರಿಹಾಯ್ದರೆ ಅವರಿಗೂ ದಾರಿ ತೋರಿಸಿ. ನೋಂದಣಾಧಿಕಾರಿಯ ಆದೇಶದ ವಿರುದ್ಧ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ, ಅಲ್ಲಿಂದ 30 ದಿನದೊಳಗೆ ಮುಖ್ಯ ಚುನಾವಣಾಧಿಕಾರಿಗೆ. ಹೊಸದಾಗಿ ಸೇರಲು ಫಾರಂ 6 ಹೇಗೂ ಇದೆ. ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕ (ವಯಸ್ಸು ತುಂಬಿದೆಯೇ ಎಂದು ಲೆಕ್ಕ ಹಾಕುವ ದಿನ) ಇರುವುದರಿಂದ 18 ತುಂಬಿದವರು ಜನವರಿವರೆಗೆ ಕಾಯಬೇಕಿಲ್ಲ.

ಇನ್ನೊಂದು ಮಾತು. ಮೂರು ವರ್ಷ ಆಯಿತು ಎಂದಿರಿ. ಮುಂದೆ ನಿಮ್ಮನ್ನು ಬದಲಿಸಿದಾಗ ಬಿಡುಗಡೆ ಆದೇಶವನ್ನೂ ಕಾಗದದಲ್ಲೇ ಪಡೆಯಿರಿ. ರಿಜಿಸ್ಟರು, ಉಳಿದ ಫಾರಂಗಳು, ಬಟವಾಡೆ ಆಗದ ಮತದಾರರ ಚೀಟಿಗಳನ್ನು ಹೊಸಬರಿಗೆ ಎಣಿಸಿಕೊಟ್ಟು ಸಹಿ ಹಾಕಿಸಿಕೊಳ್ಳಿ. ಬಿಎಲ್‌ಒ ಆ್ಯಪ್‌ನಲ್ಲಿ ನಿಮ್ಮ ಫೋನ್ ನಂಬರ್ ತೆಗೆಸಿ, ಹೊಸಬರದ್ದು ಹಾಕಿಸಿ. ಇಲ್ಲದಿದ್ದರೆ ನೀವು ಬೇರೆ ತಾಲೂಕಿಗೆ ಹೋದ ಮೇಲೂ ರಾತ್ರಿ ಹತ್ತಕ್ಕೆ ಫೋನ್ ಬರುತ್ತಲೇ ಇರುತ್ತದೆ: 'ಟೀಚರ್, ನಮ್ಮ ಹುಡುಗಂದು ವೋಟರ್ ಐಡಿ ಏನಾಯ್ತು?'